ಶಿಬಿರ ಮುಗೀತು, ಮಗು ಬೆಳೀತಾನೇ ಇದೆ



2019ರ ಡಿಸೆಂಬರ್ 26 ನಿಮಗೆ ನೆನಪಿರಬಹುದು. ಕಂಕಣ ಸೂರ್ಯಗ್ರಹಣ ಆದ ದಿನ. ಅವತ್ತು ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನ ಗುಂಡಿ ತೋಡಿ ಕುತ್ತಿಗೆವರೆಗೂ ಮಣ್ಣಲ್ಲಿ ಹೂತಿದ್ರು. ಗ್ರಹಣದ ಹೊತ್ತಲ್ಲಿ ಹಾಗೆ ಹೂತಿಟ್ಟರೆ ಮಕ್ಕಳು ಸರಿಹೋಗ್ತಾರೆ ಅನ್ನೋ ನಂಬಿಕೆ. ಅಧಿಕಾರಿಗಳು ಓಡಿಹೋಗಿ ಮಕ್ಕಳನ್ನ ಹೊರಗೆ ತೆಗೆಸಿದ್ರು. ದೇಶದ ಚಾನೆಲ್‌ಗಳೆಲ್ಲ ಆ ದೃಶ್ಯ ತೋರಿಸಿದವು. ಮಣ್ಣಿನ ಮೇಲೆ ಬರೀ ತಲೆಗಳು, ಅಳ್ತಾ ಇರೋ ಮಕ್ಕಳು. ಎಲ್ಲರೂ ಛೀ ಥೂ ಅಂದ್ರು. ಮೌಢ್ಯ ಅಂದ್ರು. ಎರಡು ದಿನ ಆಯ್ತು, ಸುದ್ದಿ ಹೋಯ್ತು.

ಆ ತಂದೆ ತಾಯಿಯರು ಅದಕ್ಕೂ ಮುಂಚೆ ಎಷ್ಟು ಆಸ್ಪತ್ರೆ ಸುತ್ತಿದ್ರು, ಎಷ್ಟು ಸಲ ಸುತ್ತಿ ಸುಸ್ತಾಗಿದ್ರು, ಎಲ್ಲಿ ಕೈಬಿಟ್ಟರು? ಆ ಪ್ರಶ್ನೆ ಕೇಳಿದವರು ಕಡಿಮೆ. ಇವತ್ತು ನಾನು ಮಾತಾಡಬೇಕು ಅಂತಿರೋದು ಅದನ್ನೇ. ಆದ್ರೆ ಕಲಬುರಗಿಗೆ ಹೋಗಲ್ಲ. ಇಲ್ಲೇ, ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಲೆಕ್ಕ ಇಟ್ಟುಕೊಳ್ಳೋಣ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ.

ಇಲ್ಲಿ ಯಾರೂ ಮಕ್ಕಳನ್ನ ಮಣ್ಣಲ್ಲಿ ಹೂಳಲ್ಲ. ಇಲ್ಲಿ ಹೂಳೋದು ತಾಯಿಯನ್ನ, ಮಾತಲ್ಲಿ. ಮಗು ಕೈಬೆರಳಿಲ್ಲದೆ ಹುಟ್ಟಿತು ಅಂದ್ಕೊಳ್ಳಿ, ಬಾಣಂತಿ ಮನೆಗೆ ಬರೋ ಮುಂಚೆನೇ ಕಾರಣ ರೆಡಿ. 'ಗ್ರಹಣದ ದಿನ ಈಳಿಗೆಮಣೆ ಮುಂದೆ ಕೂತಿದ್ಲಂತೆ.' 'ಬೇಡ ಅಂದ್ರೂ ಕೇಳದೆ ತರಕಾರಿ ಹೆಚ್ಚಿದ್ಲಂತೆ.' ಅತ್ತೆ ಹೇಳ್ತಾರೆ, ನಾದಿನಿ ಹೇಳ್ತಾರೆ, ಕೊನೆಗೆ ಆ ಹುಡುಗಿ ತಾನೇ ನಂಬಿಬಿಡ್ತಾಳೆ. ಇನ್ನು ನಮ್ಮ ಟಿವಿಯವರು ಗ್ರಹಣ ಬಂತು ಅಂದ್ರೆ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗರ್ಭಿಣಿಯರು ಏನು ಮಾಡಬಾರದು ಅಂತ ಪಟ್ಟಿ ಓದಿಸ್ತಾರೆ. ಆ ಪಟ್ಟಿಯ ಬಿಲ್ಲು ಕಟ್ಟೋದು ಇವಳು.

ವಿಜ್ಞಾನ ಏನು ಹೇಳುತ್ತೆ ಗೊತ್ತಾ? ಗರ್ಭದಲ್ಲಿ ಕೈಕಾಲು ಮೊಳಕೆ ಒಡೆಯೋದು ನಾಲ್ಕನೇ ವಾರದ ಹೊತ್ತಿಗೆ. ಎಂಟನೇ ವಾರಕ್ಕೆ ಬೆರಳು ಬೇರೆ ಬೇರೆ ಆಗಿರುತ್ತೆ. ಅಂದ್ರೆ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಅಂತ ಖಾತ್ರಿ ಆಗೋ ಹೊತ್ತಿಗೆ ಆ ಕೆಲಸ ಬಹುಪಾಲು ಮುಗಿದಿರುತ್ತೆ. ಏಳನೇ ತಿಂಗಳಲ್ಲಿ ಬಂದ ಗ್ರಹಣಕ್ಕೂ ಹೆಚ್ಚಿದ ಬದನೆಕಾಯಿಗೂ ಮಗುವಿನ ಬೆರಳಿಗೂ ಸಂಬಂಧವೇ ಇಲ್ಲ. ಕೆಲವು ಸಲ ಗರ್ಭದ ನೀರಿನ ಚೀಲದ ಒಳಪದರ ಹರಿದು, ದಾರದ ಹಾಗೆ ಬೆರಳಿಗೋ ಕೈಗೋ ಸುತ್ತಿಕೊಂಡು ರಕ್ತ ಹೋಗೋದನ್ನ ತಡೆಯುತ್ತೆ. ಕೆಲವು ಸಲ ವಂಶವಾಹಿ ಕಾರಣ. ಕೆಲವು ಸಲ ಔಷಧಿ. 1957ರಲ್ಲಿ ಜರ್ಮನಿಯಲ್ಲಿ ಥಾಲಿಡೊಮೈಡ್ ಅನ್ನೋ ಮಾತ್ರೆ ಮಾರಾಟಕ್ಕೆ ಬಂತು. ಬಸುರಿಯರು ವಾಂತಿಗೆ ಅಂತ ನುಂಗಿದ್ರು. ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಮೊಟಕು ಕೈಕಾಲಲ್ಲಿ ಹುಟ್ಟಿದ ಮೇಲೆ 1961ರಲ್ಲಿ ಅದನ್ನ ಹಿಂದಕ್ಕೆ ತಗೊಂಡ್ರು. ಅಲ್ಲೂ ಮೊದಲು ತಾಯಂದಿರನ್ನೇ ಅನುಮಾನದಿಂದ ನೋಡಿದ್ರು. ಬಹಳಷ್ಟು ಮಕ್ಕಳ ವಿಷಯದಲ್ಲಿ ಮಾತ್ರ ಇಂಥದ್ದೇ ಕಾರಣ ಅಂತ ಡಾಕ್ಟರಿಗೂ ಹೇಳಕ್ಕಾಗಲ್ಲ. ಕಾರಣ ಗೊತ್ತಿಲ್ಲ ಅಂದ ತಕ್ಷಣ ತಾಯಿ ಕಾರಣ ಅಂತಲ್ಲ.

ಸರಿ, ಈಗ ಆಸ್ಪತ್ರೆಗೆ ಬರೋಣ.

ಕೈಕಾಲಿನ ತೊಂದರೆ ಇಟ್ಟುಕೊಂಡು ಹುಟ್ಟೋ ಮಕ್ಕಳಲ್ಲಿ ಹೆಚ್ಚು ಕಾಣೋದು ಸೊಟ್ಟಪಾದ. ಪಾದ ಒಳಕ್ಕೆ ತಿರುಗಿ, ಕೆಳಕ್ಕೆ ಬಾಗಿರುತ್ತೆ. ಹತ್ತಿರ ಹತ್ತಿರ ಸಾವಿರ ಮಕ್ಕಳಿಗೆ ಒಂದು ಮಗು. ಗಂಡುಮಕ್ಕಳಲ್ಲಿ ಹೆಚ್ಚು, ಸುಮಾರು ಅರ್ಧ ಮಕ್ಕಳಿಗೆ ಎರಡೂ ಪಾದ. ಒಳ್ಳೇ ಸುದ್ದಿ ಏನು ಅಂದ್ರೆ, ಇದು ಸರಿಹೋಗುತ್ತೆ. ದೊಡ್ಡ ಆಪರೇಷನ್ ಬೇಡ, ದೊಡ್ಡ ಮಷಿನ್ ಬೇಡ. ಇಗ್ನಾಸಿಯೊ ಪಾನ್ಸೆಟಿ ಅಂತ ಒಬ್ಬ ಡಾಕ್ಟರು. ಸ್ಪೇನಿನವರು. ಅಲ್ಲಿನ ಅಂತರ್ಯುದ್ಧದಲ್ಲಿ ಗಾಯಾಳುಗಳನ್ನ ನೋಡ್ಕೊಂಡು, ಆಮೇಲೆ ದೇಶ ಬಿಟ್ಟು, ಅಮೆರಿಕದ ಅಯೋವ ವಿಶ್ವವಿದ್ಯಾಲಯ ಸೇರಿದವರು. ಹುಟ್ಟಿದ ಮಗುವಿನ ಎಲುಬು ಇನ್ನೂ ಮೃದು ಇರುತ್ತೆ, ಅದನ್ನ ಕೈಯಲ್ಲೇ ನಿಧಾನಕ್ಕೆ ತಿದ್ದಬಹುದು ಅಂತ ತೋರಿಸಿದ್ರು. ವಾರಕ್ಕೊಂದು ಸಲ ಪಾದವನ್ನ ಸ್ವಲ್ಪ ಸ್ವಲ್ಪ ತಿರುಗಿಸಿ ತೊಡೆವರೆಗೆ ಪ್ಲಾಸ್ಟರ್ ಹಾಕೋದು. ಐದಾರು ಪ್ಲಾಸ್ಟರ್. ಆಮೇಲೆ ಬಹುಪಾಲು ಮಕ್ಕಳಿಗೆ ಹಿಮ್ಮಡಿ ಹಿಂದಿನ ನರದಂಥ ಕಟ್ಟನ್ನ ಸಣ್ಣದಾಗಿ ಕುಯ್ದು ಸಡಿಲ ಮಾಡ್ತಾರೆ, ಮೂರು ವಾರ ಕೊನೇ ಪ್ಲಾಸ್ಟರ್. ಪಾದ ನೆಟ್ಟಗಾಯ್ತು.

ಇಲ್ಲಿಗೆ ಮುಗೀತಾ? ಇಲ್ಲ. ಕಥೆ ಶುರುವಾಗೋದೇ ಇಲ್ಲಿ.

ಮಗುಗೆ ಒಂದು ಬ್ರೇಸ್ ಕೊಡ್ತಾರೆ. ಒಂದು ಪಟ್ಟಿ, ಅದರ ಎರಡು ತುದಿಗೆ ಎರಡು ಪುಟ್ಟ ಬೂಟು. ಸೊಟ್ಟಗಿದ್ದ ಪಾದ 60ರಿಂದ 70 ಡಿಗ್ರಿ ಹೊರಕ್ಕೆ ತಿರುಗಿರೋ ಹಾಗೆ ಬೂಟು ಕೂರಿಸಿರ್ತಾರೆ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ ಹಾಕಬೇಕು. ಸ್ನಾನಕ್ಕೆ ಬಿಚ್ಚಬಹುದು, ಅಷ್ಟೆ. ಆಮೇಲೆ ರಾತ್ರಿ ಮತ್ತು ಮಧ್ಯಾಹ್ನದ ನಿದ್ದೆಗೆ, ಮಗುವಿಗೆ ನಾಲ್ಕು ವರ್ಷ ಆಗೋವರೆಗೆ. ನಾಲ್ಕು ವರ್ಷ! ಪಾದ ಬೆಳೆದ ಹಾಗೆ ಬೂಟಿನ ಸೈಜು ಬದಲಾಗಬೇಕು. ಸರಿಹೋದ ಪಾದ ಮತ್ತೆ ಸೊಟ್ಟ ಆಗೋದಕ್ಕೆ ಮುಖ್ಯ ಕಾರಣ ಡಾಕ್ಟರ ಕೈತಪ್ಪಲ್ಲ, ಬ್ರೇಸ್ ಹಾಕೋದು ನಿಂತುಹೋಗೋದು.

ಈಗ ಒಂದು ಲೆಕ್ಕ ಹಾಕಿ. ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು 70 ಕಿಲೋಮೀಟರ್. ಪ್ಲಾಸ್ಟರ್ ಹಂತ ಮುಗಿಯೋ ಹೊತ್ತಿಗೆ, ಏನೂ ಎಡವಟ್ಟಾಗದೇ ಇದ್ದರೂ, ಎಂಟು ಸಲ ಹೋಗಿ ಬರಬೇಕು. 1,120 ಕಿಲೋಮೀಟರ್ ಆಯ್ತು. ಮೈಸೂರಿಂದ ಹೊರಟು ಬೀದರ್ ದಾಟಿದರೂ ಅಷ್ಟಾಗಲ್ಲ. ಇದು ಪಟ್ಟಣದ ಬಸ್‌ಸ್ಟ್ಯಾಂಡಿನಿಂದ ಹಾಕಿದ ಲೆಕ್ಕ, ಊರಿಂದ ಬಸ್‌ಸ್ಟ್ಯಾಂಡಿಗೆ ಬರೋದು ಬೇರೆ. ಎಚ್.ಡಿ. ಕೋಟೆ ತಾಲ್ಲೂಕಿನ ಡಿ.ಬಿ. ಕುಪ್ಪೆ ಕಡೆಯ ಹಾಡಿಯವರಿಗೆ ಮೈಸೂರು ಅಂದ್ರೆ ಸುಮಾರು ನೂರು ಕಿಲೋಮೀಟರ್, ಮಧ್ಯದಲ್ಲಿ ಕಾಡು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಇಲ್ಲ. ಈ ತಾಯಂದಿರಿಗೆ ಅದು ನಿಜವಾಗಿ ದೊಡ್ಡ ಸಹಾಯ, ರಾಜಕೀಯ ಏನೇ ಇರಲಿ ನಾನಿದನ್ನ ಹೇಳಲೇಬೇಕು. ಆದ್ರೆ ಖರ್ಚು ಅಂದ್ರೆ ಟಿಕೆಟ್ ಮಾತ್ರ ಅಲ್ವಲ್ಲ? ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ ಬೆಂಕಿ ಕೊಟ್ಟ ಮೇಲೆ ಹಗಲು ರಾತ್ರಿ ಕಾಯಬೇಕು. ಶಾಖ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ವರ್ಷದ ದುಡಿಮೆ ಹೊಗೆ. ಅಲ್ಲಿನ ತಂದೆಯೊಬ್ಬರು ನನಗೆ ಹೇಳಿದ್ದು ಒಂದೇ ಮಾತು: 'ಬ್ಯಾರನ್ನಿಗೆ ಬೆಂಕಿ ಹಾಕಿವ್ನಿ ಸಾ, ಮೊಗೀಗೆ ಪಟ್ಟಿ ಕಟ್ಟುಸ್ಕಬರಕ್ಕೆ ಈ ವಾರ ಹೆಂಗೋಗನ?' ಆ ಮನುಷ್ಯನನ್ನ ಬೇಜವಾಬ್ದಾರಿ ತಂದೆ ಅಂತ ಕರೆಯೋ ಧೈರ್ಯ ನನಗಿಲ್ಲ. ಕೆ.ಆರ್. ನಗರದಲ್ಲಿ ಭತ್ತದ ನಾಟಿ ಟೈಮಲ್ಲಿ ಇದೇ ಮಾತು ಕೇಳಿಸುತ್ತೆ. ಕೋಟೆಯ ಜೇನುಕುರುಬರು, ಕಾಡುಕುರುಬರು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗ್ತಾರೆ, ಮಗುವೂ ಜೊತೆಗೆ ಹೋಗುತ್ತೆ. ಮಳೆಗಾಲದಲ್ಲಿ ಪ್ಲಾಸ್ಟರ್ ನೆನೆದು ಹಿಟ್ಟಾಗುತ್ತೆ. ಅದನ್ನ ಬಿಚ್ಚಿ ಬಿಸಾಕ್ತಾರೆ. ನಾಲ್ಕನೇ ಪ್ಲಾಸ್ಟರಿಗೆ ಬರಬೇಕಿದ್ದ ಮಗು ಬರೋದೇ ಇಲ್ಲ. ಆಸ್ಪತ್ರೆ ರಿಜಿಸ್ಟರ್‌ನಲ್ಲಿ ಒಂದು ಸಾಲು ಖಾಲಿ. ಯಾರೂ ಫೋನ್ ಮಾಡಲ್ಲ.

ಎರಡು ವರ್ಷ ಬಿಟ್ಟು ಆ ಮಗು ಪಾದದ ಹೊರಬದಿ ಊರಿ ನಡೆಯುತ್ತೆ. ಊರಲ್ಲಿ ಹೆಸರೂ ಇಟ್ಟುಬಿಟ್ಟಿರ್ತಾರೆ. ನಮ್ಮ ಕಡೆ ಹೆಸರಿಡೋದರಲ್ಲಿ ಜನ ಬಹಳ ಧಾರಾಳಿಗಳು. ಕುಂಟ, ಮೋಟ, ಸೊಟ್ಟಗಾಲ. ಶಾಲೆ ಹಾಜರಾತಿಯಲ್ಲಿರೋ ಹೆಸರು ಮೇಷ್ಟ್ರಿಗೆ ಮಾತ್ರ ಗೊತ್ತು.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಮೊದಲು ಕಲಿಸೋ ಪಾಠಗಳಲ್ಲಿ ಒಂದು: ಯಂತ್ರ ತಂದು ಕೂರಿಸೋ ಖರ್ಚು ಒಂದು, ನಡೆಸೋ ಖರ್ಚು ಇನ್ನೊಂದು. ಎರಡನೆಯದಕ್ಕೆ ದುಡ್ಡಿಡದೆ ಮೊದಲನೆಯದನ್ನ ಮಾಡಬಾರದು. ನಮ್ಮ ಊರುಗಳ ಶುದ್ಧ ನೀರಿನ ಘಟಕ ನೋಡಿ. ಉದ್ಘಾಟನೆಯ ಕಲ್ಲು ಗಟ್ಟಿಯಾಗಿರುತ್ತೆ, ನಲ್ಲಿಯಲ್ಲಿ ನೀರು ಬರಲ್ಲ. ಅಂಗವಿಕಲ ಮಕ್ಕಳ ವಿಷಯದಲ್ಲೂ ನಾವು ಮಾಡ್ತಿರೋದು ಇದನ್ನೇ. ಶಿಬಿರ ಮಾಡ್ತೀವಿ. ಶಾಮಿಯಾನ, ಫ್ಲೆಕ್ಸು, ಗಣ್ಯರು, ಸಾಲಾಗಿ ನಿಲ್ಲಿಸಿದ ಗಾಲಿಕುರ್ಚಿ. ಅಳತೆ ತಗೋತಾರೆ, ಇನ್ನೊಂದು ದಿನ ಕೊಡ್ತಾರೆ, ಫೋಟೊ ಆಗುತ್ತೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದೆ. ಸಾಧನ ತಯಾರಿಸೋ ಅಲಿಮ್ಕೊ ಕಾರ್ಖಾನೆ ಕಾನ್ಪುರದಲ್ಲಿದೆ. ಶಿಬಿರ ಬೇಡ ಅಂತ ನಾನು ಹೇಳ್ತಿಲ್ಲ. ಎಷ್ಟೋ ದೊಡ್ಡವರಿಗೆ ಅದರಿಂದ ಬದುಕು ಸಿಕ್ಕಿದೆ. 1968ರಲ್ಲಿ ರಾಮಚಂದ್ರ ಶರ್ಮ ಅನ್ನೋ ಕುಶಲಕರ್ಮಿ ಮತ್ತು ಡಾಕ್ಟರ್ ಪಿ.ಕೆ. ಸೇಠಿ ಸೇರಿ ಮಾಡಿದ ಜೈಪುರ ಕಾಲು ಇದೆಯಲ್ಲ, ಅದನ್ನ ಹಾಕ್ಕೊಂಡು ಗದ್ದೆಗೆ ಇಳೀಬಹುದು, ಚಕ್ಕಳಮಕ್ಕಳ ಕೂರಬಹುದು, ಬರಿಗಾಲಲ್ಲಿ ದೇವಸ್ಥಾನಕ್ಕೆ ಹೋಗಬಹುದು. ವಿದೇಶಿ ಕಾಲುಗಳು ಮಾಡದ ಕೆಲಸ ಅದು ಮಾಡಿತು.

ಆದ್ರೆ ದೊಡ್ಡವರ ಕಾಲು ಬೆಳೆಯಲ್ಲ ಸ್ವಾಮಿ, ಮಗುವಿನ ಕಾಲು ಬೆಳೆಯುತ್ತೆ. ಮೂರು ವರ್ಷದ ಮಗುವಿಗೆ ಶಿಬಿರದಲ್ಲಿ ಕೊಟ್ಟ ಕೃತಕ ಕಾಲು ವರ್ಷ, ಒಂದೂವರೆ ವರ್ಷದಲ್ಲಿ ಗಿಡ್ಡ ಆಗುತ್ತೆ. ಬಟ್ಟಲು ಬಿಗಿಯಾಗಿ ಚರ್ಮ ಕೆತ್ತುತ್ತೆ, ಹುಣ್ಣಾಗುತ್ತೆ. ಮಗು ಅದನ್ನ ಬಿಚ್ಚಿ ಮಂಚದ ಕೆಳಗೆ ತಳ್ಳುತ್ತೆ. ಮುಂದಿನ ಶಿಬಿರ ಯಾವಾಗ? ಗೊತ್ತಿಲ್ಲ. ಒಂದು ಮಗು ಹುಟ್ಟಿದಾಗಿನಿಂದ ಹದಿನೆಂಟರವರೆಗೆ ಎಷ್ಟು ಕಾಲು ಬದಲಾಯಿಸಬೇಕು ಅಂತ ನೀವೇ ಎಣಿಸಿ. ಹತ್ತಕ್ಕೆ ಕಮ್ಮಿ ಬರಲ್ಲ.

ಇನ್ನೊಂದು ವಿಷಯ ನೇರವಾಗಿ ಹೇಳಿಬಿಡ್ತೀನಿ, ಕೆಲವರಿಗೆ ಬೇಸರ ಆಗಬಹುದು. ಕಾಲಿಲ್ಲದ ಮಗುವಿಗೆ ಕೃತಕ ಕಾಲು ಬೇಕೇ ಬೇಕು, ಅದೂ ಎದ್ದು ನಿಲ್ಲೋಕೆ ಹವಣಿಸೋ ವಯಸ್ಸಲ್ಲೇ, ಒಂದು ವರ್ಷದೊಳಗೆ. ಆದ್ರೆ ಒಂದು ಕೈ ಇಲ್ಲದೆ ಹುಟ್ಟಿದ ಮಗುವಿಗೆ ಕೃತಕ ಕೈ ಬೇಕಾ ಅನ್ನೋದು ಬೇರೆ ಪ್ರಶ್ನೆ. ಆ ಮಗುವಿಗೆ ಏನನ್ನೋ ಕಳಕೊಂಡೆ ಅನ್ನೋ ಲೆಕ್ಕವೇ ಇಲ್ಲ. ಅದು ಹುಟ್ಟಿದ್ದೇ ಹಾಗೆ. ಮೊಣಕೈ, ಗಲ್ಲ, ಮಂಡಿ, ಹಲ್ಲು ಎಲ್ಲ ಬಳಸಿ ತನ್ನದೇ ದಾರಿ ಕಂಡುಕೊಳ್ಳುತ್ತೆ. ಹವಾಯಿ ಚಪ್ಪಲಿ ಬಣ್ಣದ ಒಂದು ರಬ್ಬರ್ ಕೈ ತಂದು 'ಹಾಕ್ಕೊ, ನೆಂಟರು ಬರ್ತಾರೆ' ಅಂತ ಒತ್ತಾಯ ಮಾಡಿದ್ರೆ, ಆ ಕೈ ಯಾರಿಗೋಸ್ಕರ? ಮಗುವಿಗಾ, ನೆಂಟರಿಗಾ? ಸೈಕಲ್ ಹ್ಯಾಂಡಲ್ ಹಿಡಿಯೋಕೆ, ಬ್ಯಾಟ್ ಹಿಡಿಯೋಕೆ ಒಂದು ಸರಳ ಸಾಧನ ಬೇಕು ಅಂತ ಮಗುನೇ ಕೇಳಿದಾಗ ಮಾಡಿಸಿಕೊಡಿ. ಅದನ್ನ ಕೂತು ವಿಚಾರಿಸೋಕೆ ಒಬ್ಬ ಫಿಸಿಯೊ, ಕೈಕೆಲಸ ಕಲಿಸೋ ಒಬ್ಬ ಥೆರಪಿಸ್ಟ್ ಬೇಕು. ಹಂಚಿಕೆ ಕಾರ್ಯಕ್ರಮದ ಗಲಾಟೆಯಲ್ಲಿ ಇದನ್ನ ಕೇಳೋ ಪುರುಸೊತ್ತು ಯಾರಿಗಿದೆ?

ಕೇಂದ್ರ ಸರ್ಕಾರ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುಮಾಡ್ತು. ಒಳ್ಳೇ ಕಾರ್ಯಕ್ರಮ. ಆಯುಷ್ ಡಾಕ್ಟರು, ನರ್ಸು, ಫಾರ್ಮಸಿಸ್ಟು ಇರೋ ತಂಡ ಗಾಡಿಯಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನ ಪರೀಕ್ಷೆ ಮಾಡಬೇಕು. 30 ತೊಂದರೆಗಳ ಪಟ್ಟಿ ಇದೆ. ಅದರಲ್ಲಿ ಹುಟ್ಟಿನಿಂದ ಬರೋ ದೋಷಗಳು ಒಂಬತ್ತು. ಸೊಟ್ಟಪಾದ ಇದೆ, ಸೊಂಟದ ಕೀಲು ಜಾರೋದು ಇದೆ. ಸಂತೋಷ. ಆದ್ರೆ ಕೈಯೇ ಇಲ್ಲದ, ಕಾಲೇ ಇಲ್ಲದ ಮಗು? ಆ ಒಂಬತ್ತರಲ್ಲಿ ಅದಕ್ಕೆ ಅಂತ ಒಂದು ಸಾಲಿಲ್ಲ. ಪಟ್ಟಿಯಲ್ಲಿ ಸಾಲಿಲ್ಲ ಅಂದ್ರೆ ಸರ್ಕಾರಿ ಕೆಲಸದಲ್ಲಿ ಏನರ್ಥ ಅಂತ ನಿಮಗೆ ಹೇಳಬೇಕಾಗಿಲ್ಲ. ಎಲ್ಲರ ಕಣ್ಣಿಗೂ ಕಾಣೋ ತೊಂದರೆ ಕಾಗದಕ್ಕೆ ಕಾಣಿಸಲ್ಲ.

ಹುಟ್ಟಿದ ಮಗುವನ್ನ ಮೊದಲು ನೋಡೋರು ಯಾರು? ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆ ಆದ್ರೂ ಮೊದಲ 42 ದಿನದಲ್ಲಿ ಆರು ಸಲ ಮನೆಗೆ ಹೋಗ್ತಾಳೆ. ಬಟ್ಟೆ ಸುತ್ತಿದ ಮಗುವಿನ ಪಾದ ಬಿಚ್ಚಿ ನೋಡೋ ಅವಕಾಶ ಅವಳಿಗಿದೆ. ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಬಹಳಷ್ಟು ಜನ ಸ್ವತಃ ಅಂಗವಿಕಲರು. ಗೌರವಧನದ ಮೇಲೆ ದುಡಿಯೋರು. ಜನ ಇದ್ದಾರೆ. ಅವರನ್ನ ಒಂದು ದಾರಕ್ಕೆ ಪೋಣಿಸಿಲ್ಲ. ಮೈಸೂರಿನ ಪ್ಲಾಸ್ಟರ್ ಕೋಣೆಯಲ್ಲಿ ನಾಲ್ಕನೇ ವಾರ ಬಾರದೆ ಇದ್ದ ಮಗುವಿನ ಹೆಸರು ಅದೇ ಸಂಜೆ ಆ ಊರಿನ ಆಶಾಗೆ ತಲುಪಬೇಕು. ಒಂದು ಫೋನ್ ಕಾಲ್ ಸಾಕು. ಇದಕ್ಕೆ ಯಾವ ಟೆಂಡರ್ರೂ ಬೇಡ.

ಆಗಲ್ಲ ಅನ್ನೋರಿಗೆ ಎರಡು ಉದಾಹರಣೆ ಕೊಡ್ತೀನಿ. ಆಫ್ರಿಕಾದ ಉಗಾಂಡ, ಮಲಾವಿ. ಮೂಳೆ ತಜ್ಞರು ಬೆರಳೆಣಿಕೆ. ಅವರೇನು ಮಾಡಿದ್ರು? ಡಾಕ್ಟರಲ್ಲದ ಆರೋಗ್ಯ ಸಿಬ್ಬಂದಿಗೆ ಪಾನ್ಸೆಟಿ ಪ್ಲಾಸ್ಟರ್ ಕಲಿಸಿದ್ರು. ಜಿಲ್ಲೆ ಜಿಲ್ಲೆಯಲ್ಲಿ ಕ್ಲಿನಿಕ್ ಮಾಡಿದ್ರು. ಕೆಲಸ ನಡೀತು. ಇನ್ನೊಂದು ಉದಾಹರಣೆ ನಮ್ಮ ಕೋಟೆಯದೇ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು ಡಾ. ಆರ್. ಬಾಲಸುಬ್ರಹ್ಮಣ್ಯಂ ಜೊತೆ ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದ್ರು. ಹಾಡಿಯ ಜನ ಮೈಸೂರಿಗೆ ಬರಲಿ ಅಂತ ಕಾಯಲಿಲ್ಲ, ತಾವೇ ಕಾಡಂಚಿಗೆ ಹೋಗಿ ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆ ನಡೆಸಿದ್ರು. ನಾಲ್ಕು ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ, ಸಂತೆ ದಿನ ನೋಡಿಕೊಂಡು, ಪ್ಲಾಸ್ಟರ್ ದಿನ ಅಂತ ಬೋರ್ಡ್ ಹಾಕೋದು ಕಷ್ಟದ ಕೆಲಸವಾ? ಹಿಮ್ಮಡಿ ಕಟ್ಟು ಸಡಿಲ ಮಾಡೋಕೆ ಮಾತ್ರ ಮೈಸೂರಿಗೆ ಕಳಿಸಿ. ಎಂಟು ಪ್ರಯಾಣ ಎರಡಕ್ಕೆ ಇಳಿಯುತ್ತೆ.

ಪಾನ್ಸೆಟಿಯವರ ಕಥೆಯಲ್ಲಿ ಒಂದು ಭಾಗ ಬಾಕಿ ಉಳೀತು. 1963ರಲ್ಲೇ ಅವರು ತಮ್ಮ ಪದ್ಧತಿ ಬಗ್ಗೆ ಲೇಖನ ಬರೆದಿದ್ರು. ಡಾಕ್ಟರುಗಳೇ ಕ್ಯಾರೆ ಅನ್ನಲಿಲ್ಲ. ಮೂವತ್ತು ವರ್ಷ ಕತ್ತರಿ ಹಾಕೋದನ್ನೇ ಮುಂದುವರಿಸಿದ್ರು. ತೊಂಬತ್ತರ ದಶಕದ ಕೊನೆಗೆ ಇಂಟರ್ನೆಟ್ ಬಂದಾಗ ಅಯೋವದಲ್ಲಿ ಮಕ್ಕಳಿಗೆ ಚಿಕಿತ್ಸೆ ಕೊಡಿಸಿದ ತಂದೆ ತಾಯಿಯರು ಬೇರೆ ತಂದೆ ತಾಯಿಯರಿಗೆ ಹೇಳಿದ್ರು, ಫೋಟೊ ತೋರಿಸಿದ್ರು. ಅವರು ಹೋಗಿ ತಮ್ಮ ಡಾಕ್ಟರುಗಳನ್ನ ಕೇಳಿದ್ರು. ಆಗ ಜಗತ್ತು ತಿರುಗಿ ನೋಡ್ತು. 2009ರಲ್ಲಿ ಪಾನ್ಸೆಟಿ ತೀರಿಕೊಳ್ಳೋ ಹೊತ್ತಿಗೆ ಅವರ ಪದ್ಧತಿ ಎಲ್ಲ ಕಡೆ ಹಬ್ಬಿತ್ತು. ಹಬ್ಬಿಸಿದವರಲ್ಲಿ ಅಪ್ಪ ಅಮ್ಮಂದಿರು ಮುಂದಿದ್ರು. ಹುಣಸೂರಿನ ಒಬ್ಬ ತಾಯಿ ತನ್ನ ಮಗು ಓಡಾಡೋ ವಿಡಿಯೊ ಪಿರಿಯಾಪಟ್ಟಣದ ಬಾಣಂತಿಗೆ ವಾಟ್ಸಾಪ್ ಮಾಡಿದ್ರೆ, ನನ್ನ ಈ ಕಾರ್ಯಕ್ರಮಕ್ಕಿಂತ ಹೆಚ್ಚು ಕೆಲಸ ಆಗುತ್ತೆ. ಬ್ರೇಸ್ ಹಾಕಿದ ಮೊದಲ ಮೂರು ರಾತ್ರಿ ಮಗು ಊರಿಗೆಲ್ಲ ಕೇಳೋ ಹಾಗೆ ಅಳುತ್ತೆ. ಆಗ 'ಪಾಪ ಬಿಚ್ಚೇ' ಅನ್ನೋ ಅಜ್ಜಿಗೆ ಉತ್ತರ ಕೊಡೋಕೆ ಆ ತಾಯಿಗೆ ಇನ್ನೊಬ್ಬ ತಾಯಿ ಬೇಕು, ಡಾಕ್ಟರಲ್ಲ.

ನಾವು ಪದಕ ಬಂದಾಗ ಮಾತ್ರ ಈ ಮಕ್ಕಳ ಕಡೆ ತಿರುಗಿ ನೋಡ್ತೀವಿ. ಹಾಸನ ಜಿಲ್ಲೆಯ ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ರು. ಅದೇ ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಐಎಎಸ್ ಆದ ಸುಹಾಸ್ ಯತಿರಾಜ್ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ತಂದ್ರು. ಕೈಗಳೇ ಇಲ್ಲದೆ ಹುಟ್ಟಿದ ಜಮ್ಮುವಿನ ಶೀತಲ್ ದೇವಿ ಕಾಲಲ್ಲಿ ಬಿಲ್ಲು ಹಿಡಿದು 2024ರಲ್ಲಿ ಕಂಚು ಗೆದ್ದಳು. ಹೆಮ್ಮೆ ಪಡೋಣ. ಆದ್ರೆ ಬಿಲ್ಲು ಹಿಡಿಯದ, ಐಎಎಸ್ ಆಗದ, ಎಮ್ಮೆ ಮೇಯಿಸಿಕೊಂಡು, ಎಸ್ಸೆಸ್ಸೆಲ್ಸಿ ಪಾಸಾಗಿ, ಒಂದು ಮೊಬೈಲ್ ಅಂಗಡಿ ಇಟ್ಟುಕೊಂಡು ಬದುಕೋ ಮಗುವಿಗೂ ಸರಿಯಾದ ಅಳತೆಯ ಕಾಲು ಬೇಕಲ್ವ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇಕಡಾ 40 ಮತ್ತು ಅದಕ್ಕೆ ಮೇಲ್ಪಟ್ಟ ವೈಕಲ್ಯ ಇರೋ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಅದಕ್ಕೆ ಬೇಕಾದ ಯುಡಿಐಡಿ ಕಾರ್ಡನ್ನ ಶಾಲೆಗೆ ಸೇರಿಸೋ ವರ್ಷದವರೆಗೆ ಕಾಯದೆ ಮಾಡಿಸಿ.

ಈಗ ನೋಡ್ತಿರೋರಿಗೆ ಎರಡು ಮಾತು. ಮನೆಯಲ್ಲೋ ಪಕ್ಕದ ಮನೆಯಲ್ಲೋ ಪಾದ ಒಳಕ್ಕೆ ತಿರುಗಿರೋ ಕೂಸು ಇದ್ದರೆ, ಎಣ್ಣೆ ಹಚ್ಚಿ ತೀಡಿದ್ರೆ ಸರಿಹೋಗುತ್ತೆ ಅಂತ ಕಾಯಬೇಡಿ. ಮೊದಲ ಒಂದೆರಡು ವಾರದಲ್ಲೇ ತಾಲ್ಲೂಕು ಆಸ್ಪತ್ರೆಯ ಮೂಳೆ ಡಾಕ್ಟರಿಗೆ ತೋರಿಸಿ, ಪಾನ್ಸೆಟಿ ಪ್ಲಾಸ್ಟರ್ ಎಲ್ಲಿ ಹಾಕ್ತಾರೆ ಅಂತ ಹೆಸರು ಹಿಡಿದು ಕೇಳಿ. ತಡ ಆಗಿದ್ದರೂ ಹೋಗಿ, ನಡೆಯೋ ಮಗುವಿಗೂ ಚಿಕಿತ್ಸೆ ಇದೆ. ಪ್ಲಾಸ್ಟರ್ ಹಾಕಿದ ಮೇಲೆ ಕಾಲ್ಬೆರಳು ನೀಲಿ ಆದ್ರೆ, ಊದಿದ್ರೆ, ತಣ್ಣಗಾದ್ರೆ, ರಾತ್ರಿ ಆದ್ರೂ ಸರಿ ಆಸ್ಪತ್ರೆಗೆ ಓಡಿ. ನೆನೆದ ಪ್ಲಾಸ್ಟರ್ ಮನೆಯಲ್ಲೇ ಬಿಚ್ಚಿ ಸುಮ್ಮನಿರಬೇಡಿ, ಮತ್ತೆ ಹಾಕಿಸಿ. ಎಲ್ಲಿಗೆ ಹೋಗಬೇಕು ಗೊತ್ತಾಗದೆ ಇದ್ದರೆ 104ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಆರೋಗ್ಯ ಸಹಾಯವಾಣಿ. ಬ್ಯಾರನ್ನಿಗೆ ಬೆಂಕಿ ಹಾಕಿದ್ದರೆ ಆ ವಾರ ಬರಕ್ಕಾಗಲ್ಲ ಅಂತ ಆಸ್ಪತ್ರೆಗೆ ಒಂದು ಮಾತು ಹೇಳಿ, ಮುಂದಿನ ವಾರ ಬನ್ನಿ. ಒಂದು ವಾರ ತಪ್ಪಿದ್ರೆ ಚಿಕಿತ್ಸೆ ಹಾಳಾಗಲ್ಲ, ವಾಪಸ್ ಬರದೇ ಇದ್ದರೆ ಹಾಳಾಗುತ್ತೆ.

ನಾಲ್ಕೂ ಕ್ಷೇತ್ರಗಳ ಶಾಸಕರಿಗೆ ನಾವು ಒಂದೇ ಪ್ರಶ್ನೆ ಕಳಿಸ್ತಿದ್ದೀವಿ: ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಪ್ಲಾಸ್ಟರ್ ದಿನ ಯಾವಾಗ ಶುರು ಮಾಡಿಸ್ತೀರಿ? ದಿನಾಂಕ ಹೇಳಿದವರ ಹೆಸರು, ಹೇಳದವರ ಹೆಸರು, ಎರಡನ್ನೂ ಮುಂದಿನ ವಾರ ಇದೇ ಹೊತ್ತಿಗೆ ಓದ್ತೀನಿ.